ನನಗೆ ನಾನೇ ಯಜಮಾನಿ

ಗಂಡ ಹೆಂಡಿರು ಬೇರೆಯಾದರೆ ಮನಸ್ಸಿಗೆ ಬಹಳ ನೋವಾಗುತ್ತದೆ ಎಂದು ಎಲ್ಲರೂ ಹೇಳಿದರು. ಜೇಬಿಗೆ ಏನಾಗುತ್ತದೆ ಎಂದು ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ನಾನು ಇನ್ನೂ ಸ್ವಲ್ಪ ಯೋಚಿಸುತ್ತಿದ್ದೆ. (ಯೋಚಿಸಿ ಕೊನೆಗೆ 'ಹೂಂ' ಎಂದೇ ಅನ್ನುತ್ತಿದ್ದೆ. ಅದು ಬೇರೆ ಮಾತು.)

ನನ್ನ ಹೆಸರು ಕಿತಾದಾ ಇಸಾಮು. ಒಸಾಕಾದ ಪೂರ್ವದ ತುದಿಯಲ್ಲಿ ತಿರುಪುಮೊಳೆ ಮಾಡುವ ಒಂದು ಸಣ್ಣ ಕಾರ್ಖಾನೆ ಇದೆ. ಅಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವುದು ನನ್ನ ಕೆಲಸ. ನನ್ನ ಓದು ಕಡಿಮೆ. ಮಾತು ಅದಕ್ಕಿಂತ ಕಡಿಮೆ. ಆ ಯಂತ್ರದ ಸದ್ದಿನಲ್ಲಿ ಮಾತಾಡಿದರೂ ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ಅಭ್ಯಾಸವೇ ತಪ್ಪಿಹೋಯಿತು.

ನಮ್ಮಲ್ಲಿ ಸಂಬಳ ತರುವವನು ಗಂಡ, ಅದನ್ನು ಆಳುವವಳು ಹೆಂಡತಿ. ನಮ್ಮ ಸಾಹುಕಾರರು ಹಳೇ ಕಾಲದವರು, ಈಗಲೂ ಸಂಬಳವನ್ನು ಕಂದು ಲಕೋಟೆಯಲ್ಲಿ ಹಾಕಿ ಕೈಗೇ ಕೊಡುತ್ತಾರೆ. ಮದುವೆಯಾದಂದಿನಿಂದ ನಾನು ಆ ಲಕೋಟೆಯ ಬಾಯಿ ಒಡೆದವನಲ್ಲ. ಹಾಗೇ ತಂದು ಹೆಂಡತಿ ಕಿನುಯೊ ಕೈಗೆ ಕೊಡುತ್ತಿದ್ದೆ. ಅವಳು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ, "ದಣಿದು ದುಡಿದ್ರಿ" ಎನ್ನುತ್ತಿದ್ದಳು. ಆಮೇಲೆ ಒಳಗೆ ಹೋಗಿ ಬಂದು ನನ್ನ ತಿಂಗಳ ಕೈಖರ್ಚು ಕೊಡುತ್ತಿದ್ದಳು. ಮಧ್ಯಾಹ್ನದ ನೂಡಲ್ಸು, ಸಿಗರೇಟು, ಶನಿವಾರದ ಬೀರು, ಯಾವಾಗಲಾದರೊಮ್ಮೆ ಬೇಸ್‌ಬಾಲ್ ಆಟ, ಎಲ್ಲ ಅದರಲ್ಲೇ. ಮಿಕ್ಕ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದವನಲ್ಲ. ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತಿತ್ತು. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಿತ್ತು. ಅದೆಲ್ಲ ಮನೆಯ ಹುಟ್ಟುಗುಣ ಎಂದುಕೊಂಡಿದ್ದೆ.

ಆ ಕೈಖರ್ಚಿನಲ್ಲಿ ಒಂದಿಷ್ಟು ಉಳಿಸಿ ಹೆಂಡತಿಗೆ ಕಾಣದ ಹಾಗೆ ಬಚ್ಚಿಡುವುದು ನಮ್ಮ ಕಡೆ ಗಂಡಸರ ಧರ್ಮ. ಮನೆಖರ್ಚಿನಲ್ಲಿ ಒಂದಿಷ್ಟು ಉಳಿಸಿ ಗಂಡನಿಗೆ ಕಾಣದ ಹಾಗೆ ಬಚ್ಚಿಡುವುದು ಹೆಂಗಸರ ಧರ್ಮ. ಎರಡೂ ಧರ್ಮ ಒಂದೇ ಬಟ್ಟೆ ಬೀರುವಿನಲ್ಲಿ ನಡೆಯುತ್ತವೆ. ಯಾರೂ ಆ ಮಾತು ಎತ್ತುವುದಿಲ್ಲ. ಎತ್ತಿದರೆ ಸಂಸಾರ ನಡೆಯುವುದಿಲ್ಲ.

ಮಗಳು ಚಿಹಾರು ಮದುವೆಯಾಗಿ ಹೋದ ಮೇಲೆ ಒಂದು ಭಾನುವಾರ, ಟಿವಿಯಲ್ಲಿ ಆಟ ನಡೆಯುತ್ತಿರುವಾಗ, ಕಿನುಯೊ ಎದುರಿಗೆ ಬಂದು ಕೂತಳು.

"ರೀ, ನಾನು ಬೇರೆ ಇರ್ತೀನಿ."

"ಹೂಂ."

"ಕೋಪ ಇಲ್ಲ, ಜಗಳ ಇಲ್ಲ. ಬೇರೆ ಹೆಂಗಸು, ಕುಡಿತ, ಜೂಜು, ಏನೂ ಇಲ್ಲ ನಿಮ್ಮಲ್ಲಿ. ಅದೇ ತೊಂದ್ರೆ, ಏನೂ ಇಲ್ಲ. ಈ ಮನೇಲಿ ನನ್ನ ಸ್ವರ ನಾನೇ ಕೇಳಿ ಕೇಳಿ ಸಾಕಾಯ್ತು. ಅಕ್ಕನ ಒಕೊನೊಮಿಯಾಕಿ ದೋಸೆ ಅಂಗಡಿ ಮೇಲೆ ಒಂದು ಕೋಣೆ ಖಾಲಿ ಇದೆ. ಅಲ್ಲಿ ಜನ ತಿನ್ನೋಕೆ ಬರ್ತಾರೆ, ಬಾಯ್ತುಂಬ ಮಾತಾಡ್ತಾರೆ. ಕಾಗದಪತ್ರನೂ ಸರಿಯಾಗಿ ಮಾಡ್ಕೊಂಡ್ಬಿಡೋಣ. ಆಯ್ತಾ?"

"ಹೂಂ."

"ನೋಡಿ, ಇದಕ್ಕೂ ಹೂಂ!"

ಎಲ್ಲ ಸಾಂಗವಾಗಿ ನಡೆಯಿತು. ಅವಳು ಬೆರಳಿಟ್ಟ ಕಡೆ ನಾನು ಸಹಿಯ ಬದಲು ನನ್ನ ಹೆಸರಿನ ಮುದ್ರೆ ಒತ್ತಿದೆ. ಮೊದಲಿಂದಲೂ ಮಾಡಿಕೊಂಡು ಬಂದದ್ದೇ ಅದು. ಬ್ಯಾಂಕಿನಲ್ಲಿದ್ದದ್ದನ್ನು ಸಮಪಾಲು ಮಾಡಿದಳು. ನನ್ನ ಪಾಲನ್ನು ಮುಪ್ಪಿಗಾಗುತ್ತದೆ ಎಂದು ನಾನು ಈಗಲೇ ಮುಟ್ಟಲಾಗದ ಠೇವಣಿಯಲ್ಲಿ ಇಟ್ಟಳು. (ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.) ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದಳು:

"ಇನ್ಮೇಲೆ ಲಕೋಟೆ ಪೂರ್ತಿ ನಿಮ್ಮದೇ, ಕಿತಾದಾ ಅವರೇ."

"ಕಿತಾದಾ ಅವರೇ?"

"ಮತ್ತೇನು? ಇನ್ನೂ 'ರೀ' ಅನ್ನೋಕಾಗುತ್ತಾ? ನಾನೀಗ ಯಾಸುದಾ ಕಿನುಯೊ. ತೌರಿನ ಹೆಸರು."

ಅವಳು ಬಾಗಿ ನಮಸ್ಕಾರ ಮಾಡಿದಳು. ನಾನೂ ಮಾಡಿದೆ. ಬ್ಯಾಂಕಿನವರು ಗಿರಾಕಿಯನ್ನು ಕಳಿಸಿಕೊಟ್ಟ ಹಾಗಿತ್ತು.

ಮುಂದಿನ ಸಂಬಳದ ದಿನ ನಾನು ಮದುವೆಯಾದಂದಿನಿಂದ ಮೊದಲ ಬಾರಿಗೆ ಲಕೋಟೆ ಒಡೆದೆ. ಒಳಗೆ ನೋಡಿದೆ. ಅಬ್ಬಾ! ನಾನು ಇಷ್ಟು ದೊಡ್ಡ ಮನುಷ್ಯ ಎಂದು ನನಗೇ ಗೊತ್ತಿರಲಿಲ್ಲ. ಅವತ್ತೇ ಹೋಗಿ ಸುಟ್ಟ ಹಾವುಮೀನು ತಿಂದೆ. ಮಾಮೂಲು ಸಾರಾಯಿ ಅಂಗಡಿಯಲ್ಲಿ ನಿಂತವರಿಗೆಲ್ಲ ಒಂದೊಂದು ಬೀರು ಕೊಡಿಸಿದೆ. ನಿಂತವರಲ್ಲಿ ಅರ್ಧ ಜನ ಯಾರೆಂದು ಗೊತ್ತಿರಲಿಲ್ಲ. ಪಾದ ತಿಕ್ಕುವ ಯಂತ್ರ ಒಂದನ್ನು ಕೊಂಡೆ. ಅದರಲ್ಲಿ ಪಾದ ಇಟ್ಟು ಚಕ್ರವರ್ತಿಯ ಹಾಗೆ ಕೂತೆ.

ಚಕ್ರಾಧಿಪತ್ಯ ಬಹಳ ದಿನ ಇರಲಿಲ್ಲ. ಒಂದು ಸಂಜೆ ಸ್ನಾನದ ತೊಟ್ಟಿಗೆ ತಣ್ಣೀರು ಬಂತು. ನಲ್ಲಿ ಕೆಟ್ಟಿದೆ ಎಂದು ಸ್ಪ್ಯಾನರ್ ತಂದು ಬಿಚ್ಚಿದೆ, ತಿರುಗಿ ಕೂರಿಸಿದೆ. ಮತ್ತೂ ತಣ್ಣೀರು. ಕಾರ್ಖಾನೆಯಲ್ಲಿ ಪಕ್ಕದ ಯಂತ್ರದ ಬಾನೊನನ್ನು ಕರೆತಂದೆ. ಬಾನೊ ಮದುವೆಯೇ ಆಗದವನು, ಮನೆಯ ವಿಷಯ ಎಲ್ಲ ತಿಳಿದವನು.

"ಗ್ಯಾಸಿನ ಬಿಲ್ ಕಟ್ಟಿದೀಯೇನಪ್ಪಾ?" ಅಂದ.

"ಯಾವ ಬಿಲ್?"

ಬಾನೊ ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟ. "ಬಾಡಿಗೆ?"

ನಾನು ಸ್ಪ್ಯಾನರ್ ಒರೆಸಿದೆ.

"ಕರೆಂಟು? ನೀರು? ಊರಿನ ತೆರಿಗೆ?"

"ಇದೆಲ್ಲ ಪ್ರತಿ ತಿಂಗಳೂ ಕೊಡ್ಬೇಕಾ?"

"ಅಲ್ಲ ಮಾರಾಯ, ಇಷ್ಟು ವರ್ಷ ಯಾವ ಲೋಕದಲ್ಲಿದ್ದೆ ನೀನು?"

"ಮನೇಲೇ ಇದ್ದೆ."

ಬಾನೊ ಎದ್ದು ಹೊರಗೆ ಬಂದು ನನ್ನನ್ನೂ ಪಾದ ತಿಕ್ಕುವ ಯಂತ್ರವನ್ನೂ ನೋಡಿದ. ಆಮೇಲೆ ಗೋಡೆಯ ಮೊಳೆಯ ಕಡೆ ಕೈ ತೋರಿಸಿದ. ಕಿನುಯೊ ಬಿಟ್ಟುಹೋದ ಹಳೇ ಅಡಿಗೆ ಏಪ್ರನ್ ಅಲ್ಲಿ ನೇತಾಡುತ್ತಿತ್ತು. ಬಿಳಿ ಬಟ್ಟೆ, ಎದೆಯ ಮೇಲೆ ಸೋಯಾ ಕಲೆ.

"ನಿನ್ನ ಕೈಗೆ ದುಡ್ಡು ಬಂದ್ರೆ ನೀನು ಕೆಡ್ತೀಯ. ಕೈಖರ್ಚು ಕೊಡೋರು ಒಬ್ರು ಬೇಕು ನಿನಗೆ. ಇನ್ನೊಂದು ಮದುವೆ ಆಗೋ ಮುಖ ಅಲ್ಲ ನಿಂದು. ಅದನ್ನ ಕಟ್ಕೋ. ನಿನಗೆ ನೀನೇ ಯಜಮಾನಿ ಆಗು."

ಬಾನೊ ತಮಾಷೆಗೆ ಹೇಳಿದ್ದ. ನಾನು ತಮಾಷೆ ತಿಳಿಯುವವನಲ್ಲ. ಮುಂದಿನ ಸಂಬಳದ ದಿನ ಲಕೋಟೆಯನ್ನು ಒಡೆಯದೆ ಮನೆಗೆ ತಂದೆ. ಊಟದ ಮೇಜಿನ ಮೇಲಿಟ್ಟೆ. ಒಳಗೆ ಹೋಗಿ ಏಪ್ರನ್ ಕಟ್ಟಿಕೊಂಡು ಬಂದೆ. ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ, "ದಣಿದು ದುಡಿದ್ರಿ" ಎಂದೆ. ಸುಳ್ಳು ಯಾಕೆ ಹೇಳಲಿ, ಕೇಳಿ ಸಮಾಧಾನವಾಯಿತು.

ಆಮೇಲೆ ಕೈಖರ್ಚು ತೆಗೆದು ಮೇಜಿನ ಆಚೆ ಬದಿಗೆ ಸರಿಸಿದೆ. ಏಪ್ರನ್ ಬಿಚ್ಚಿ ಆಚೆ ಬದಿಗೆ ಹೋಗಿ ಕೂತು ನೋಡಿದೆ.

"ಇಷ್ಟೇನಾ?"

ಎದ್ದು ಬಂದು ಏಪ್ರನ್ ಕಟ್ಟಿಕೊಂಡೆ. "ಇಷ್ಟೇ. ಬಾಡಿಗೆ ಬಾಕಿ ಇದೆ, ಗ್ಯಾಸು ಬಾಕಿ ಇದೆ."

ಬಿಚ್ಚಿದೆ. "ಬಾನೊಗೆ ಬೀರು ಕೊಡಿಸ್ತೀನಿ ಅಂತ ಮಾತು ಕೊಟ್ಟಿದೀನಿ."

ಕಟ್ಟಿಕೊಂಡೆ. "ಮಾತು ಕೊಡೋದು ಯಾವಾಗ ಕಲಿತ್ರಿ? ನನ್ನ ಹತ್ರ 'ಹೂಂ' ಬಿಟ್ಟು ಬೇರೆ ಏನಾದ್ರೂ ಕೊಟ್ಟಿದೀರಾ?"

ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಬಟ್ಟೆಯಲ್ಲೇ ಇತ್ತು ಎಂದು ಕಾಣುತ್ತದೆ. ನಾನು ಏಪ್ರನ್ ಬಿಚ್ಚಿ ಕೈಖರ್ಚು ಜೇಬಿಗೆ ಹಾಕಿಕೊಂಡೆ.

ಪಕ್ಕದ ಮನೆಯ ಅಜ್ಜಿ ನಿಶಿಜಿಮಾ ಮರುದಿನ ಕಸ ಹಾಕುವ ಕಡೆ ಸಿಕ್ಕಿ ಕಣ್ಣು ಮಿಟುಕಿಸಿದರು. "ಏನು ಕಿತಾದಾ ಅವರೇ, ಹೊಸ ಸಂಬಂಧನಾ? ಗೋಡೆ ತೆಳು ಕಣಪ್ಪಾ, ಎಲ್ಲ ಕೇಳ್ಸುತ್ತೆ. ಬೈಗುಳ ಕೇಳಿದ್ರೆ ಒಳ್ಳೆ ಮನೆತನದವಳ ಹಾಗಿದೆ."

"ಹೂಂ," ಎಂದೆ. (ಈ 'ಹೂಂ' ಮುಂದೆ ಏನು ಮಾಡಿತು ನೋಡಿ.)

ಏನೇ ಹೇಳಿ, ಉಪಾಯ ಫಲಿಸಿತು. ಬಿಸಿನೀರು ಬಂತು. ಬಾಡಿಗೆ ತೀರಿತು. ಯಜಮಾನಿ ಗಟ್ಟಿಗಿತ್ತಿ, ಪ್ರತಿ ತಿಂಗಳೂ ಒಂದಿಷ್ಟು ಉಳಿಸಿದಳು. ಉಳಿಸಿದ್ದನ್ನು ಗಂಡನಿಗೆ ಕಾಣದ ಹಾಗೆ ಬಚ್ಚಿಡಬೇಕಲ್ಲ? ಗಂಡ ನಾನೇ. ನೋಡಿಬಿಟ್ಟರೆ ಕುಡಿದು ಹಾಳುಮಾಡುವವನು. ಅದಕ್ಕೆ ಅವಳು ದೀಪ ಆರಿಸಿ, ಕತ್ತಲಲ್ಲಿ ತಡವರಿಸಿಕೊಂಡು ಹೋಗಿ ಬಚ್ಚಿಡುತ್ತಿದ್ದಳು. ಏಪ್ರನ್ ಬಿಚ್ಚಿದ ಮೇಲೆ ಆ ವಿಷಯ ಯೋಚಿಸಬಾರದು ಎಂದು ಕಟ್ಟುನಿಟ್ಟು. ನಾನು ಮಾತಿಗೆ ತಪ್ಪದವನು. ಯೋಚಿಸಲಿಲ್ಲ.

ಗಂಡನೂ ಸುಮ್ಮನೆ ಕೂರಲಿಲ್ಲ. ಅಭ್ಯಾಸ ಬಿಡುತ್ತದೆಯೇ? ಕೈಖರ್ಚಿನಲ್ಲಿ ಉಳಿದದ್ದನ್ನು ಯಜಮಾನಿಗೆ ಕಾಣದ ಹಾಗೆ ಅಲ್ಲಲ್ಲಿ ಸಿಕ್ಕಿಸಿದ. ಯಜಮಾನಿ ಗುಡಿಸುವಾಗ ಕಣ್ಣಿಗೆ ಬಿದ್ದೀತು ಎಂದು ವಾರ ವಾರ ಜಾಗ ಬದಲಾಯಿಸಿದ. ಮನೆಯಲ್ಲಿ ಇದ್ದದ್ದು ಒಬ್ಬ ಮನುಷ್ಯ. ಅವನು ಇಬ್ಬರಿಂದ ದುಡ್ಡು ಬಚ್ಚಿಡುತ್ತಿದ್ದ. ಮನಸ್ಸಿಗೆ ಹಿತವಾಗಿತ್ತು. ಮತ್ತೆ ಸಂಸಾರ ಮಾಡಿದ ಹಾಗೆ ಇತ್ತು.

ಹೊಸ ವರ್ಷಕ್ಕೆ ಚಿಹಾರು ಮನೆಗೆ ಹೋದೆ. ಮೊಮ್ಮಗ ಸೋಮಾ ಹುಟ್ಟಿ ಕೆಲವು ತಿಂಗಳಾಗಿತ್ತು. ನನ್ನ ಹಾಗೇ ಮಾತಿಲ್ಲದ ಮಗು. ಚಿಹಾರು ದನಿ ತಗ್ಗಿಸಿ ಹೇಳಿದಳು:

"ಅಪ್ಪಾ, ಮೇ ತಿಂಗಳ ಗಂಡುಮಕ್ಕಳ ಹಬ್ಬ ಸೋಮಾಗೆ ಮೊದಲನೇದು. ಮನೇಲಿ ಅಲಂಕಾರಕ್ಕಿಡೋ ಯೋಧರ ಶಿರಸ್ತ್ರಾಣ ತಾಯಿ ತೌರಿಂದ ಬರ್ಬೇಕು. ನಮ್ಮತ್ತೆ ಆಗ್ಲೇ ಜಾಗ ಖಾಲಿ ಮಾಡಿ ಇಟ್ಟಿದಾರೆ. ಈಗ ನನ್ನ ತೌರು ಎರಡಾಗಿದೆಯಲ್ಲಾ... ಅಮ್ಮನ್ನೇ ಕೇಳ್ಲಾ?"

"ಬೇಡ," ಎಂದೆ. "ನಾನೇ ತರ್ತೀನಿ. ನನ್ನ ದುಡ್ಡಲ್ಲಿ. ಅಮ್ಮ ಒಂದು ಯೆನ್ ಹಾಕೋದು ಬೇಡ."

ಇಷ್ಟು ಉದ್ದದ ಮಾತು ನಾನು ಮಗಳ ಮದುವೆಯಲ್ಲೂ ಆಡಿರಲಿಲ್ಲ. ಚಿಹಾರು ಕಣ್ಣರಳಿಸಿದಳು. ಒಂದು ವಾರಕ್ಕೆ ಫೋನ್ ಮಾಡಿದಳು.

"ಅಮ್ಮನಿಗೆ ಹೇಳ್ದೆ ಅಪ್ಪಾ."

"ಏನಂದ್ಲು?"

"'ನೋಡೋಣ' ಅಂದ್ರು."

ಕಿನುಯೊ 'ನೋಡೋಣ' ಅಂದರೆ ಏನರ್ಥ ಎಂದು ನನಗೆ ಗೊತ್ತು. ನಾನು ಹಿಂದೆ ಸಿಗರೇಟು ಬಿಡುತ್ತೇನೆ ಎಂದಾಗಲೂ ಹಾಗೇ ಅಂದಿದ್ದಳು. ಅವತ್ತಿಂದ ನನಗೆ ಒಂದೇ ಹಠ. ಹಬ್ಬದ ದಿನ ಆ ಶಿರಸ್ತ್ರಾಣ ಬೀಗರ ಮನೆಯ ನಡುಮನೆಯಲ್ಲಿ ಇರಬೇಕು. ಕಿನುಯೊ ಬಂದು ಅದನ್ನು ನೋಡಬೇಕು. ನೋಡಿ ಬಾಯಿ ಮುಚ್ಚಬೇಕು. ಅವಳಿಲ್ಲದೆ ನನ್ನ ಜೇಬು ನಡೆಯುತ್ತದೆ ಎಂದು ಒಂದು ಸಲ, ಒಂದೇ ಒಂದು ಸಲ ತೋರಿಸಬೇಕು.

ಏಪ್ರಿಲ್‌ನಲ್ಲಿ ಬೊಂಬೆಯಂಗಡಿಗೆ ಹೋದೆ. ಕಪ್ಪು ಅರಗು, ಚಿನ್ನದ ಕೊಂಬು, ಕೆಂಪು ದಾರ. ಎದುರಿಗೆ ನಿಂತರೆ ನಾವೇ ತಲೆ ಬಾಗಿಸಬೇಕು, ಅಂಥದ್ದು. ಬೆಲೆ ನನ್ನ ಸಂಬಳದ ಅರ್ಧಕ್ಕಿಂತ ಮೇಲೆ. ಆದರೂ ಉಳಿತಾಯ ಸಾಕಾಗುತ್ತದೆ ಎಂದು ಅಂದಾಜಿತ್ತು. ಅಂಗಡಿಯವನು ಹೇಳಿದ:

"ಭಾನುವಾರದ ತನಕ ಎತ್ತಿಟ್ಟಿರ್ತೀನಿ ಯಜಮಾನ್ರೇ. ಆಮೇಲೆ ಬೇರೆಯವರು ಕಾಯ್ತಾ ಇದಾರೆ. ಹಬ್ಬದ ಹಿಂದಿನ ದಿನ ತಗೊಂಡು ಹೋಗಿ ಇಟ್ರೆ ಅಪಶಕುನ, ನಿಮಗೆ ಗೊತ್ತಲ್ಲ."

ಶುಕ್ರವಾರ ಮನೆಗೆ ಬಂದು ದುಡ್ಡು ತೆಗೆಯಲು ಎದ್ದೆ. ಎದ್ದವನು ಹಾಗೇ ನಿಂತೆ.

ಎಲ್ಲಿಟ್ಟೆ?

ಬಟ್ಟೆ ಬೀರು ತೆಗೆದೆ. ಹಾಸಿಗೆ ಮಡಿಕೆ ಬಿಚ್ಚಿದೆ. ತಾತಾಮಿ ಚಾಪೆ ಎತ್ತಿ ನೋಡಿದೆ. ಸಿಕ್ಕಿದ್ದು ಕಿನುಯೊಳ ಒಂದು ಕೂದಲ ಪಿನ್ನು ಮತ್ತು ಸತ್ತ ಮಿಡತೆ. ಕೊನೆಗೆ ಏಪ್ರನ್ ಕಟ್ಟಿಕೊಂಡು ಕನ್ನಡಿ ಮುಂದೆ ನಿಂತು ಮರ್ಯಾದೆಯಿಂದ ಕೇಳಿದೆ: "ದಯವಿಟ್ಟು ಹೇಳು. ಎಲ್ಲಿಟ್ಟಿದೀಯ?" ಯಜಮಾನಿ ಬಾಯಿ ಬಿಡಲಿಲ್ಲ. ನಂಬಿಕಸ್ಥ ಹೆಂಗಸು. ಗಂಡನಿಗೆ ಹೇಳಬಾರದು ಎಂದರೆ ಹೇಳಬಾರದು. ದೀಪ ಆರಿಸಿ ಕತ್ತಲಲ್ಲಿ ನಡೆದು ನೋಡಿದೆ, ಕಾಲಿಗಾದರೂ ನೆನಪಿದ್ದೀತೆಂದು. ಪಾದ ತಿಕ್ಕುವ ಯಂತ್ರಕ್ಕೆ ಎಡವಿ ಬಿದ್ದೆ.

ಒಂದು ಜಾಗ ಮಾತ್ರ ನನಗೆ ಚೆನ್ನಾಗಿ ನೆನಪಿತ್ತು. ಬೀರುವಿನ ಮೇಲಟ್ಟದಲ್ಲಿ ನಾನು ಹುಡುಗನಾಗಿದ್ದಾಗ ಆಡಿದ ಬೇಸ್‌ಬಾಲ್ ಕೈಗವಸು ಇದೆ. ಅದರ ಹೆಬ್ಬೆರಳಿನೊಳಗೆ ಹತ್ತು ಸಾವಿರ ಯೆನ್ನಿನ ಮೂರು ನೋಟು. ಕಿನುಯೊ ಹೋದ ಮೇಲೆ ಕಂಡುಹಿಡಿದ ಜಾಗ ಅದು. ಆದರೆ ಅದರಿಂದ ಶಿರಸ್ತ್ರಾಣದ ಒಂದು ಕೊಂಬೂ ಬರುವುದಿಲ್ಲ. ಮತ್ತೆ ಅದು ಗಂಡಸಿನ ಸ್ವಂತದ್ದು. ಅದನ್ನು ಮುಟ್ಟಬಾರದು.

ಶನಿವಾರ ಬೆಳಗ್ಗೆ, ಮಾನ ಬಿಟ್ಟು, ಒಕೊನೊಮಿಯಾಕಿ ಅಂಗಡಿಗೆ ಫೋನ್ ಮಾಡಿದೆ.

"ಹಲೋ, ಯಾಸುದಾ ಮಾತಾಡ್ತಿರೋದು."

"ನಾನು."

"ಯಾವ ನಾನು?"

"ಕಿತಾದಾ."

"ಓಹೋ ಕಿತಾದಾ ಅವರಾ! ಏನು ವಿಶೇಷ?"

"ದುಡ್ಡು ಕಾಣ್ತಿಲ್ಲ."

"ಮನೇಲಿರೋರನ್ನ ಕೇಳಿ."

"ಮನೇಲಿ ಯಾರಿದಾರೆ?"

"ನಿಶಿಜಿಮಾ ಅಜ್ಜಿ ಅಂಗಡಿಗೆ ಬಂದಿದ್ರು. ಹೊಸಬಳದು ಬಾಯಿ ಜೋರಂತೆ. ಒಳ್ಳೆ ಮನೆತನವಂತೆ. ನೀವೇ 'ಹೂಂ' ಅಂದ್ರಂತೆ."

ಅದು ಹಾಗಲ್ಲ ಎಂದು ಹೇಳಬೇಕೆಂದುಕೊಂಡೆ. ಎಲ್ಲಿಂದ ಶುರು ಮಾಡುವುದು? "ಭಾನುವಾರದೊಳಗೆ ಶಿರಸ್ತ್ರಾಣ," ಎಂದೆ. "ಸೋಮಾಗೆ."

ಆ ಕಡೆ ಕಾವಲಿಯ ಮೇಲೆ ಏನೋ ಚುರ್ರೆಂದಿತು.

"ಬರ್ತೀನಿ. ಆದ್ರೆ ಪುಕ್ಕಟೆ ಅಲ್ಲ. ಹೆಂಡತಿ ಆಗಿದ್ದಾಗ ಪುಕ್ಕಟೆ ಮಾಡ್ತಿದ್ದೆ. ಈಗ ಮೂರೂವರೆ ಸಾವಿರ."

"ಹೂಂ."

ಅವಳು ಬಂದಳು. ಬಾಗಿಲಲ್ಲಿ "ಒಳಗೆ ಬರಬಹುದಾ?" ಎಂದು ಕೇಳಿದಳು. ಅತಿಥಿಗಳು ಕೂರುವ ದಿಂಬಿನ ಮೇಲೆ ಕೂತಳು. ನಾನು ಟೀ ತಂದಿಟ್ಟೆ. ಅವಳ ಕಣ್ಣು ಗೋಡೆಯ ಮೊಳೆಯ ಮೇಲೆ ಬಿತ್ತು.

"ನನ್ನ ಏಪ್ರನ್ನು. ಒದ್ದೆಯಾಗಿದೆ."

"ಹೂಂ."

"ಯಾರು ಕಟ್ಕೋತಾ ಇದಾರೆ?"

"ನಾನು."

ಅವಳು ಟೀ ಲೋಟ ಕೆಳಗಿಟ್ಟಳು. ನಾನು ಎಲ್ಲ ಹೇಳಿದೆ. ಲಕೋಟೆ, ತಲೆ ಬಾಗಿಸುವುದು, ಬೈಗುಳ, ದೀಪ ಆರಿಸುವುದು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ಹೆದರಿದೆ. ಇಲ್ಲ, ನಗುತ್ತಿದ್ದಳು. ನಕ್ಕು ನಕ್ಕು ದಿಂಬಿನಿಂದ ಜಾರಿ ಚಾಪೆಗೆ ಬಂದಳು.

"ಅಯ್ಯೋ ದೇವರೇ! ನಿಮ್ಮನ್ನ ನೀವೇ ಬೈಕೊಂಡ್ರಾ? ನಾನಿದ್ದಾಗ ತಿರುಗಿ ಒಂದು ಮಾತಾಡ್ಲಿಲ್ಲ, ಏಪ್ರನ್ ಜೊತೆ ಜಗಳ ಆಡಿದ್ರಾ?" ಕಣ್ಣೊರೆಸಿಕೊಂಡು ಎದ್ದಳು. "ಟೀ ತಣ್ಣಗಾಯ್ತು. ಬೇರೆ ಮಾಡ್ಕೊಂಡು ಬನ್ನಿ. ಅಷ್ಟರಲ್ಲಿ ನೋಡ್ತೀನಿ."

ನೀರು ಕುದಿಯುವ ಹೊತ್ತಿಗೆ ಮೇಜಿನ ಮೇಲೆ ನೋಟು ಬಿದ್ದಿದ್ದವು. ಮಡಿಸಿದ ಉಣ್ಣೆ ಕಾಲುಚೀಲದಿಂದ. ಹೋದ ವರ್ಷದ ಕ್ಯಾಲೆಂಡರಿನ ಹಿಂದಿನಿಂದ. ರೇಡಿಯೋದ ಬ್ಯಾಟರಿ ಡಬ್ಬದಿಂದ.

"ಹೇಗೆ ಗೊತ್ತಾಯ್ತು?"

"ಹೇಗೆ ಗೊತ್ತಾಯ್ತಂತೆ! ಮದುವೆಯಾದಾಗಿಂದ ಇವೇ ಜಾಗ. ನಿಮಗೆ ಮರೆತ್ರೂ ನನಗೆ ಮರೆಯುತ್ತಾ? ತಿಂಗಳ ಕೊನೇಲಿ ಮನೆಗೆ ಕಡಿಮೆ ಬಿದ್ರೆ ಕಾಲುಚೀಲದಿಂದ ತಗೋತಿದ್ದೆ. ನಿಮ್ಮ ಆಟದ ದಿನ ಹತ್ರ ಬಂದ್ರೆ ಒಂದು ಹಾಕ್ತಿದ್ದೆ."

ನನಗೆ ನೆನಪಾಯಿತು. ಆಟದ ದಿನ ಕಾಲುಚೀಲ ತೆಗೆದರೆ ಯಾವಾಗಲೂ ಒಂದು ನೋಟು ಹೆಚ್ಚಿರುತ್ತಿತ್ತು. ನಾನು ಬಹಳ ಮಿತವ್ಯಯಿ ಎಂದು ನನ್ನ ಬಗ್ಗೆ ನನಗೆ ಗೌರವವಿತ್ತು.

"ಇದು ಗಂಡನ ದುಡ್ಡು," ಅಂದಳು. "ಏಪ್ರನ್ನಿಂದು ಎಲ್ಲಿ? ಅದೇ ಅಲ್ವಾ ಜಾಸ್ತಿ?"

ಗೋಡೆಯಿಂದ ಏಪ್ರನ್ ತೆಗೆದು ತಾನೇ ಕಟ್ಟಿಕೊಂಡಳು. ಕಣ್ಣು ಮುಚ್ಚಿದಳು. ಕೈ ಮುಂದೆ ಚಾಚಿ, ಸೀದಾ ಹೋಗಿ, ಬೀರುವಿನ ಕೆಳಗಟ್ಟ ತೆರೆದಳು. ಒಳಗೆ ಚಿಹಾರು ಚಿಕ್ಕವಳಿದ್ದಾಗಿನ ಬೊಂಬೆ ಹಬ್ಬದ ಪೆಟ್ಟಿಗೆಗಳಿದ್ದವು. ರಾಣಿ ಬೊಂಬೆಯ ಪೆಟ್ಟಿಗೆ ಎಳೆದು, ಮೆತ್ತನೆ ಕಾಗದದ ಕೆಳಗೆ ಕೈ ಹಾಕಿದಳು. ಕಟ್ಟು ಹೊರಗೆ ಬಂತು. ಪೂರ್ತಿ.

ಅವಳು ನಗಲಿಲ್ಲ ಈ ಸಲ. ಕಟ್ಟು ಹಿಡಿದುಕೊಂಡು ನನ್ನನ್ನೇ ನೋಡಿದಳು.

"ರೀ! ಇದು ನನ್ನ ಜಾಗ."

'ರೀ' ಎಂದದ್ದು ಅವಳಿಗೂ ಕೇಳಿಸಿತ್ತು.

"ನಾನು ಇಲ್ಲಿ ಇಡ್ತಿದ್ದೆ ಅಂತ ನಿಮಗೆ ಗೊತ್ತಿತ್ತಾ?"

"ಹೂಂ."

"ಯಾವತ್ತಿಂದ?"

"ಮೊದಲಿಂದ." (ಅದು ಅವಳ ಜಾಗ. ಹುಡುಕುವಾಗ ಅಲ್ಲಿ ಕೈ ಹಾಕಬೇಕೆಂದು ನನಗೆ ಹೊಳೆಯಲೇ ಇಲ್ಲ.)

"ತೆಗೆದಿದೀರಾ?"

"ಇಲ್ಲ."

"ಒಂದ್ಸಲನೂ?"

"ಹಾಕಿದೀನಿ. ಒಂದ್ಸಲ. ನಿಮ್ಮಮ್ಮ ತೀರಿಕೊಂಡ ವರ್ಷ."

ಅವಳು ಕಾಲು ಮಡಿಸಿ ಅಲ್ಲೇ ಕೂತಳು. "ಅದಕ್ಕೇ ಆ ವರ್ಷ ಜಾಸ್ತಿ ಬಂದಿತ್ತು! ಅಕ್ಕನ ದುಡ್ಡೇನಾದ್ರೂ ಸೇರಿಕೊಂಡಿದೆಯೋ ಅಂತ ಹೋಗಿ ಕೇಳಿ ಬೈಸ್ಕೊಂಡು ಬಂದೆ. ಬಾಯಿಬಿಟ್ಟು ಹೇಳೋಕೆ ಏನಾಗಿತ್ರೀ ನಿಮಗೆ?"

"ಬಚ್ಚಿಟ್ಟ ದುಡ್ಡಲ್ವಾ," ಎಂದೆ. "ಹೇಗೆ ಹೇಳೋದು?"

ಅವಳು ಬೊಂಬೆ ರಾಣಿಯ ಕಿರೀಟ ಸರಿಮಾಡಿ ಪೆಟ್ಟಿಗೆ ಮುಚ್ಚಿದಳು. ಆಮೇಲೆ ಮತ್ತೆ ಯಾಸುದಾ ಕಿನುಯೊ ಆದಳು. "ಇನ್ನೆಲ್ಲಾದ್ರೂ ಇದೆಯಾ? ಮೇಲಟ್ಟ ನೋಡಿಲ್ಲ."

"ಏನಿಲ್ಲ ಅಲ್ಲಿ," ಎಂದೆ ಬೇಗ. "ಹಳೇ ಸಾಮಾನು. ಧೂಳು."

"ಸರಿ. ಟೀ ತಣ್ಣಗಾಯ್ತು ನೋಡಿ ಮತ್ತೆ."

ಮತ್ತೆ ಟೀ ಮಾಡಿ ತಂದೆ. ಕುಡಿಯುತ್ತಾ ಮಾತು ಮುಗಿಸಿದೆವು. ಮಾತು ಅವಳದು, ಹೂಂ ನನ್ನದು. ಇನ್ನು ಮೇಲೆ ಸಂಬಳದ ದಿನ ನಾನು ಲಕೋಟೆ ಒಡೆಯದೆ ಅಂಗಡಿಗೆ ತರಬೇಕು. ಅವಳು ಬಾಡಿಗೆ, ಗ್ಯಾಸು, ಕರೆಂಟು ನೋಡಿಕೊಂಡು ನನ್ನ ಕೈಖರ್ಚು ಕೊಡುತ್ತಾಳೆ. ತಿಂಗಳಿಗೆ ಮೂರೂವರೆ ಸಾವಿರ ಅವಳ ಸಂಬಳ. ಅಂಗಡಿಗೆ ಬಂದ ದಿನ ಅಲ್ಲೇ ಊಟ, ಅದಕ್ಕೆ ಬೇರೆ ಬಿಲ್ಲು.

"ಕೈಖರ್ಚು ಮೊದಲಿಗಿಂತ ಕಡಿಮೆ ಆಯ್ತಲ್ಲಾ," ಎಂದೆ.

"ಮೊದಲು ಗಂಡ ಅಂತ ಮುಖ ನೋಡಿ ಕೊಡ್ತಿದ್ದೆ. ಈಗ ಗಿರಾಕಿ. ನಿಯಮ ಅಂದ್ರೆ ನಿಯಮ."

"ಇವತ್ತಿನ ಮೂರೂವರೆ ಸಾವಿರ ಬರೋ ತಿಂಗಳು ಕೊಡ್ತೀನಿ. ಈಗ ಇರೋದೆಲ್ಲ ಶಿರಸ್ತ್ರಾಣಕ್ಕೆ ಬೇಕು."

"ಅವಸರ ಇಲ್ಲ," ಅಂದಳು. ಇಷ್ಟು ಮೆತ್ತಗೆ ಅವಳು ಯಾವತ್ತೂ ಮಾತಾಡಿರಲಿಲ್ಲ. ನನಗೆ ಅನುಮಾನ ಬರಬೇಕಿತ್ತು.

ಭಾನುವಾರ ಇಬ್ಬರೂ ಬೊಂಬೆಯಂಗಡಿಗೆ ಹೋದೆವು. ದುಡ್ಡು ನನ್ನದು. ಚೌಕಾಶಿ ಅವಳದು. ಅಂಗಡಿಯವನು ಬೆಲೆ ಇಳಿಸಿದ, ಬೆವರು ಒರೆಸಿಕೊಂಡ, ಕೊನೆಗೆ ಹಬ್ಬಕ್ಕೆ ಹಾರಿಸುವ ಒಂದು ಬಟ್ಟೆಯ ಮೀನು ಬಾವುಟವನ್ನೂ ಸೇರಿಸಿ ಕೊಟ್ಟು ಬಾಗಿಲ ತನಕ ಬಂದು ಕಳಿಸಿದ. ನಾವು ಹೋದೆವು ಎಂದು ಖಾತ್ರಿ ಮಾಡಿಕೊಳ್ಳಲು ಬಂದನೆಂದು ಕಾಣುತ್ತದೆ.

ಹಬ್ಬದ ದಿನ ಬೀಗರ ಮನೆಯ ನಡುಮನೆಯಲ್ಲಿ ಶಿರಸ್ತ್ರಾಣ ಹೊಳೆಯುತ್ತಿತ್ತು. ಅಂಗಳದಲ್ಲಿ ಮೀನು ಬಾವುಟ ಗಾಳಿಗೆ ಉಬ್ಬಿತ್ತು. ಸೋಮಾ ಚಿನ್ನದ ಕೊಂಬನ್ನು ಬಾಯಿಗೆ ಹಾಕಿಕೊಳ್ಳಲು ನೋಡಿದ. ಬೀಗಿತಿ ಎರಡು ಸಲ ತಲೆ ಬಾಗಿಸಿದರು.

"ಎಷ್ಟು ಒಳ್ಳೇದು ತಂದಿದೀರಿ!"

ಚಿಹಾರು ಹೆಮ್ಮೆಯಿಂದ, "ನಮ್ಮಪ್ಪ ಒಬ್ರೇ ಕೊಂಡಿದ್ದು ಅತ್ತೆ. ಅವರ ಉಳಿತಾಯದಲ್ಲಿ," ಅಂದಳು.

ನಾನು ಕಿನುಯೊ ಕಡೆ ನೋಡಿದೆ. ಈಗ ಬಾಯಿ ಬಿಡುತ್ತಾಳೆ, ಏಪ್ರನ್ ಕತೆ ಹೇಳುತ್ತಾಳೆ, ಬೀಗರೆದುರು ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವಳು ಸೋಮಾನ ಬಾಯಿಂದ ಕೊಂಬು ಬಿಡಿಸುತ್ತಾ, "ಹೂಂ," ಅಂದಳು. ಅಷ್ಟೇ. ಬಾಯಿ ಮುಚ್ಚಿಕೊಂಡೇ ಇದ್ದಳು.

ನಾನು ಗೆದ್ದಿದ್ದೆ.

ರೈಲಿನಲ್ಲಿ ಮನೆಗೆ ಬರುತ್ತಾ ಮನಸ್ಸು ತುಂಬಿತ್ತು. ಬರುವ ತಿಂಗಳಿಂದ ಜೇಬು ಮತ್ತೆ ಅವಳ ಕೈಗೆ ಹೋಗುತ್ತದೆ, ನಿಜ. ಹೋಗಲಿ. ಬಿಸಿನೀರು ಬರುತ್ತದೆ. ತಿಂಗಳಿಗೊಂದು ಸಲ ಅವಳೆದುರು ಕೂತು ತಿನ್ನುವುದಾಗುತ್ತದೆ. ಅದಲ್ಲದೆ ಅವಳಿಗೆ ಗೊತ್ತಿಲ್ಲದ ಜಾಗ ನನಗೆ ಒಂದಾದರೂ ಉಳಿದಿದೆ. ಮೇಲಟ್ಟವನ್ನು ಅವಳು ನೋಡಲೇ ಇಲ್ಲ! ಗೆಲುವಿಗೆ ಒಂದು ಬೀರು ಕುಡಿಯಬೇಕು ಎನಿಸಿತು. ಮನೆಗೆ ಬಂದವನೇ ಕುರ್ಚಿ ಹತ್ತಿ ಕೈಗವಸು ಇಳಿಸಿ, ಹೆಬ್ಬೆರಳಿನೊಳಗೆ ಬೆರಳು ಹಾಕಿದೆ.

ನಾನು ಇಟ್ಟದ್ದು ಹತ್ತು ಸಾವಿರದ ಮೂರು ನೋಟು, ಸುರುಳಿ ಸುತ್ತಿ. ಈಗ ಎರಡೇ ಇದ್ದವು. ಅದೂ ಇಸ್ತ್ರಿ ಮಾಡಿದ ಹಾಗೆ ನೀಟಾಗಿ ಮಡಿಸಿ. ಅದರ ಜೊತೆಗೆ ಐದು ಸಾವಿರದ ಒಂದು ನೋಟು, ಸಾವಿರದ್ದೊಂದು. ಕೈಗವಸನ್ನು ತಲೆಕೆಳಗು ಮಾಡಿ ಅಲುಗಿಸಿದೆ. ಐನೂರರ ಒಂದು ನಾಣ್ಯ ಟಣ್ ಎಂದು ಚಾಪೆಯ ಮೇಲೆ ಬಿದ್ದು, ಉರುಳಿ, ಏಪ್ರನ್ ಕೆಳಗೆ ಹೋಗಿ ನಿಂತಿತು.

ಚಿಲ್ಲರೆ ಸರಿಯಾಗಿತ್ತು.